ಎಲ್‌ಕೆಜಿಗೆ ಸೇರಿಸುವ ಮುನ್ನ

ಪ್ರಶ್ನೆ: ಬರುವ ಆಗಸ್ಟ್‌ಗೆ ನಮ್ಮ ಮಗನಿಗೆ ನಾಲ್ಕು ವರ್ಷ ತುಂಬುತ್ತದೆ. ಜೂನ್‌ನಲ್ಲಿಯೇ ಎಲ್‌ಕೆಜಿಗೆ ಸೇರಿಸಬೇಕೆಂದು ಹತ್ತಿರದ ಶಾಲೆಯೊಂದರಲ್ಲಿ ವಿಚಾರಿಸಿದಾಗ, ಸೇರಿಸಿಕೊಳ್ಳಲು ಒಪ್ಪಿದರಾದರೂ, ಅಷ್ಟರೊಳಗೆ ಮಗು ಎಬಿಸಿಡಿ ಬರೆಯಬೇಕು, ನೂರರವರೆಗೆ ಎಣಿಸಬೇಕು ಎಂದರು. ಅವನಿಗೆ ಪೆನ್ಸಿಲ್ ಹಿಡಿಯುವುದಕ್ಕೂ ಸರಿಯಾಗಿ ಬರುವುದಿಲ್ಲ. ಮನೆಯಲ್ಲಿ ನಾವೂ ಅತ್ತೆಯವರೂ ಕನ್ನಡವನ್ನೇ ಮಾತನಾಡುತ್ತೇವೆ. ಈಗಿನಿಂದಲೇ ಇಂಗ್ಲಿಷ್‌ನಲ್ಲಿ ಮಾತನಾಡಿಸಿ ಎಂದು ಅಕ್ಕಪಕ್ಕದವರು ಹೇಳುತ್ತಿದ್ದಾರೆ. ನಾನು ಕಣ್ಣಿಗೆ ಮರೆಯಾದರೆ ಸಾಕು, ಅಳಲು ಶುರುಮಾಡುತ್ತಾನೆ. ದಯವಿಟ್ಟು ದಾರಿ ತೋರಿಸಿ.
– ಓರ್ವ ತಾಯಿ, ಹನುಮಂತನಗರ, ಬೆಂಗಳೂರು

ಉತ್ತರ: ನೀವು ಪ್ರಶ್ನೆಯಾಗಿ ಕೇಳದಿದ್ದರೂ ಎಲ್ಲಕ್ಕಿಂತ ಮೊದಲು ಯೋಚಿಸಬೇಕಾದದ್ದು ಮಗನ ವಯಸ್ಸಿನ ಬಗ್ಗೆ. ಒಂದನೇ ತರಗತಿಗೆ ಸೇರುವ ಮಗುವಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕೆಂಬುದು ನಮ್ಮ ರಾಜ್ಯ ಸರ್ಕಾರ ಗೊತ್ತುಮಾಡಿದ ವಯಸ್ಸು. 2025–26ರ ಸಾಲಿನಲ್ಲಿ ಪೋಷಕರ ಒತ್ತಾಯದ ಮೇರೆಗೆ ಅದನ್ನು 5 ವರ್ಷ 5 ತಿಂಗಳಿಗೆ ಸಡಿಲಿಸಲಾಯಿತಾದರೂ, ಅಂಥ ಸಡಿಲಿಕೆಯನ್ನು ನಂಬಿಕೊಂಡು ಮಗುವನ್ನು ಮುಂಚಿತವಾಗಿ ಸೇರಿಸುವುದು ಜಾಣತನವಲ್ಲ. ಈ ಜೂನ್‌ನಲ್ಲಿ ಎಲ್‌ಕೆಜಿಗೆ ಸೇರಿದರೆ, ಯುಕೆಜಿ ಮುಗಿಸಿ ಒಂದನೇ ತರಗತಿಗೆ ಹೋಗುವ ಹೊತ್ತಿಗೆ ನಿಮ್ಮ ಮಗನಿಗೆ ಆರು ತುಂಬಲು ಇನ್ನೂ ಎರಡು ಮೂರು ತಿಂಗಳು ಬಾಕಿ ಇರುತ್ತದೆ. ಆಗ ಗೆಳೆಯರೆಲ್ಲ ಮುಂದಕ್ಕೆ ಹೋಗಿ ಅವನೊಬ್ಬನೇ ಹಿಂದೆ ಉಳಿಯುವಂತಾದರೆ ಆ ಎಳೆಯ ಮನಸ್ಸಿಗೆ ಅದನ್ನು ವಿವರಿಸುವುದು ಬಹಳ ಕಷ್ಟ. ಆದ್ದರಿಂದ ಇನ್ನೊಂದು ವರ್ಷ ಕಾಯಿರಿ ಎಂಬುದು ನನ್ನ ಸ್ಪಷ್ಟ ಸಲಹೆ. ಮೂರರಿಂದ ಆರು ವರ್ಷದ ಮಕ್ಕಳಿಗೆ ಅಂಗನವಾಡಿಯಲ್ಲಿ ಶಾಲಾಪೂರ್ವ ಶಿಕ್ಷಣವಿದೆ. ಬೆಳಗಿನ ಕೆಲವು ಗಂಟೆ ನಡೆಯುವ ಒಳ್ಳೆಯ ಪ್ಲೇಹೋಮ್ ಹತ್ತಿರದಲ್ಲಿದ್ದರೆ ಅದೂ ಆದೀತು.

ಇನ್ನು ಎಬಿಸಿಡಿಯ ವಿಷಯ. ಎಲ್‌ಕೆಜಿಯಲ್ಲಿ ಕಲಿಸಬೇಕಾದದ್ದನ್ನು ಎಲ್‌ಕೆಜಿಗೆ ಬರುವ ಮೊದಲೇ ಕಲಿತಿರಬೇಕೆಂದು ಕೇಳುವುದು ಸರಿಯಲ್ಲ. 2022ರಲ್ಲಿ ಪ್ರಕಟವಾದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ ಈ ವಯಸ್ಸಿನ ಮಕ್ಕಳಿಗೆ ಪರೀಕ್ಷೆಗಳು ಹೊಂದುವುದಿಲ್ಲವೆಂದೂ ಆಟ, ಮಾತು, ಕಥೆಗಳ ಮೂಲಕವೇ ಕಲಿಕೆ ಸಾಗಬೇಕೆಂದೂ ಹೇಳುತ್ತದೆ. ಮೂರೂವರೆ ವರ್ಷದ ಮಗುವಿನ ಮಣಿಕಟ್ಟಿನ ಮೂಳೆಗಳು ಇನ್ನೂ ಪೂರ್ತಿ ಬಲಿತಿರುವುದಿಲ್ಲ, ಬೆರಳುಗಳಲ್ಲಿ ಹಿಡಿತ ಕೂಡಿರುವುದಿಲ್ಲ; ಆ ಕೈಗೆ ಒತ್ತಾಯದಿಂದ ಪೆನ್ಸಿಲ್ ಕೊಟ್ಟರೆ ಮಗು ಬೆರಳು ನೋಯಿಸಿಕೊಂಡು ಬರವಣಿಗೆಯನ್ನೇ ದ್ವೇಷಿಸಲು ಕಲಿಯುತ್ತದೆ. ಬದಲಿಗೆ, ಅವರೆಕಾಯಿಯ ಕಾಲದಲ್ಲಿ ನಿಮ್ಮ ಅತ್ತೆಯವರು ಹಿತಕವರೆಗೆಂದು ರಾತ್ರಿ ಕಾಳು ನೆನೆಹಾಕಿದಾಗ, ಬೆಳಿಗ್ಗೆ ಒಂದು ಬಟ್ಟಲು ಕಾಳನ್ನು ಮಗನ ಮುಂದಿಡಿ. ಹೆಬ್ಬೆರಳು, ತೋರುಬೆರಳುಗಳ ನಡುವೆ ಕಾಳನ್ನಿಟ್ಟು ಮೆಲ್ಲಗೆ ಒತ್ತಿದಾಗ ಸಿಪ್ಪೆ ಕೈಯಲ್ಲುಳಿದು ಬೇಳೆ ಪುಳಕ್ಕನೆ ಆಚೆ ಜಾರುತ್ತದೆ. ಮೊದಲು ಹತ್ತು ಕಾಳು ಜಜ್ಜಿಹೋಗುತ್ತವೆ, ಐದು ನೆಲಕ್ಕೆ ಹಾರುತ್ತವೆ. ವಾರದೊಳಗೆ ಎಷ್ಟು ಒತ್ತಬೇಕೆಂಬುದು ಬೆರಳಿಗೆ ತಿಳಿಯುತ್ತದೆ. ಮುಂದೆ ಪೆನ್ಸಿಲ್ ಹಿಡಿಯುವುದಕ್ಕೆ ಬೇಕಾಗುವುದೂ ಇದೇ ಎರಡು ಬೆರಳುಗಳ ಬಲ. ಚಪಾತಿ ಹಿಟ್ಟಿನ ಉಂಡೆ ಮಾಡುವುದು, ಅಂಗಿಯ ಗುಂಡಿ ಹಾಕಿಕೊಳ್ಳುವುದು, ಹಳೆಯ ಪತ್ರಿಕೆ ಹರಿಯುವುದು, ಎಲ್ಲವೂ ಇದೇ ಸಾಲಿನವು. ಎಣಿಕೆಯೂ ಹಾಗೆಯೇ: ನೂರರವರೆಗೆ ಬಾಯಿಪಾಠ ಒಪ್ಪಿಸುವುದಕ್ಕಿಂತ, ಊಟಕ್ಕೆ ಕುಳಿತ ನಾಲ್ವರಿಗೆ ನಾಲ್ಕೇ ಲೋಟ ತಂದಿಡಲು ಬರುವುದು ಹೆಚ್ಚಿನದು.

ಶಾಲೆಯಲ್ಲಿ ಮಗು ನಿಜವಾಗಿ ಎಡವುವುದು ನಾವು ಊಹಿಸದ ಕಡೆಯಲ್ಲಿ. ನಾನು ಶಿಶುವಿಹಾರದಲ್ಲಿ ಪಾಠ ಹೇಳುತ್ತಿದ್ದಾಗ, ಹೊಸದಾಗಿ ಸೇರಿದ್ದ ಹುಡುಗಿಯೊಬ್ಬಳ ಊಟದ ಡಬ್ಬಿ ಪ್ರತಿದಿನ ತುಂಬಿದಂತೆಯೇ ಮನೆಗೆ ಹೋಗುತ್ತಿತ್ತು. ಮನೆಯವರು ಒಮ್ಮೆ ಚಿತ್ರಾನ್ನ, ಒಮ್ಮೆ ದೋಸೆ ಎಂದು ತಿಂಡಿ ಬದಲಾಯಿಸಿ ನೋಡಿದರು. ಐದನೆಯ ದಿನ ಪಕ್ಕದಲ್ಲಿ ಕುಳಿತಾಗ ಕಂಡಿತು: ತುಟಿ ಬಿಗಿಹಿಡಿದು, ಎರಡೂ ಹೆಬ್ಬೆರಳುಗಳಿಂದ ಮುಚ್ಚಳದ ಕೊಂಡಿಯನ್ನು ಮೇಲಕ್ಕೆ ಎತ್ತುವ ಬದಲು ಕೆಳಕ್ಕೆ ಒತ್ತುತ್ತಿದ್ದಳು. ತೆಗೆದುಕೊಡಿ ಎಂದು ಕೇಳಬಹುದೆಂಬುದೇ ಅವಳಿಗೆ ಗೊತ್ತಿರಲಿಲ್ಲ. ಮುಚ್ಚಳ ತೆಗೆದ ಕೂಡಲೇ ತಲೆಯೆತ್ತದೆ ತಿಂದಳು. ನಾಲ್ಕು ದಿನ ಅದು ನನ್ನ ಗಮನಕ್ಕೆ ಬರಲಿಲ್ಲವೆಂಬುದು ಇಂದಿಗೂ ನನ್ನನ್ನು ನೋಯಿಸುತ್ತದೆ. ಶಾಲೆಗೆ ಕೊಡಲಿರುವ ಡಬ್ಬಿಯಲ್ಲಿಯೇ, ನೀರಿನ ಬಾಟಲಿಯಲ್ಲಿಯೇ ಮಗ ಮನೆಯಲ್ಲಿ ಒಂದು ತಿಂಗಳು ಊಟ ಮಾಡಲಿ. ಚಡ್ಡಿ ತಾನೇ ಜಾರಿಸಿ ಏರಿಸಿಕೊಳ್ಳಲು, ಕೈ ತೊಳೆಯಲು, ‘ಮಿಸ್, ಸುಸ್ಸು ಬಂತು’ ಎಂದು ಸಂಕೋಚವಿಲ್ಲದೆ ಹೇಳಲು ಕಲಿಯಲಿ.

ಕನ್ನಡವನ್ನು ಖಂಡಿತ ಬಿಡಬೇಡಿ. ಅಜ್ಜಿಯ ಬಾಯಿಂದ ಕಥೆ ಕೇಳಿ, ‘ಆಮೇಲೆ ಏನಾಯ್ತು?’ ಎಂದು ಕೇಳುವ ಮಗುವಿಗೆ ಮಾತಿನ ಮೇಲೆ ಹಿಡಿತ ಬರುತ್ತದೆ. ಆ ಹಿಡಿತವೇ ಇನ್ನೊಂದು ಭಾಷೆ ಕಲಿಯುವಾಗ ಒದಗುತ್ತದೆ. ತಮಗೇ ಸಲೀಸಾಗಿ ಬಾರದ ಇಂಗ್ಲಿಷ್‌ನಲ್ಲಿ ಹಿರಿಯರು ಮಾತನಾಡಿಸತೊಡಗಿದರೆ ಮನೆಯ ಮಾತು ಬರೀ ‘ಕಮ್’, ‘ಸಿಟ್’, ‘ಈಟ್’ ಎಂಬಷ್ಟಕ್ಕೆ ಬಡವಾಗುತ್ತದೆ. ನೀರು, ಶೌಚ, ನೋವು, ಸಹಾಯ ಇವುಗಳನ್ನು ಕೇಳಲು ಬೇಕಾಗುವ ನಾಲ್ಕೈದು ಇಂಗ್ಲಿಷ್ ಮಾತುಗಳನ್ನು ಆಟದ ನಡುವೆ ಹೇಳಿಕೊಟ್ಟರೆ ಸಾಕು. ಆದರೆ ಈ ವಯಸ್ಸಿನಲ್ಲಿಯೂ ಮಗು ಮೂರು ಪದ ಕೂಡಿಸಿ ಮಾತನಾಡದಿದ್ದರೆ, ಹೆಸರು ಕರೆದಾಗ ತಿರುಗಿ ನೋಡದಿದ್ದರೆ ಅಥವಾ ಹೊರಗಿನವರಿಗೆ ಅದರ ಮಾತು ಅರ್ಥವೇ ಆಗದಿದ್ದರೆ ತಡಮಾಡದೆ ಮಕ್ಕಳ ವೈದ್ಯರಿಗೆ ತೋರಿಸಬೇಕು. ಮಾತು ಮತ್ತು ಶ್ರವಣದ ತಪಾಸಣೆಗೆ ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ; ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೆಂದೇ ಪ್ರತ್ಯೇಕ ವಿಭಾಗವಿದೆ.

ಅಳುವಿಗೆ ಹೆದರಬೇಡಿ. ಮಗ ಬೇರೆಡೆ ನೋಡುತ್ತಿರುವಾಗ ಕಳ್ಳಹೆಜ್ಜೆಯಲ್ಲಿ ಹೊರಟುಹೋಗುವ ಅಭ್ಯಾಸವಿದ್ದರೆ ಮಾತ್ರ ಇಂದೇ ನಿಲ್ಲಿಸಿ. ಅಮ್ಮ ಯಾವ ಕ್ಷಣದಲ್ಲಾದರೂ ಮಾಯವಾಗಬಹುದೆಂದು ತಿಳಿದ ಮಗು ಇನ್ನಷ್ಟು ಗಟ್ಟಿಯಾಗಿ ಸೆರಗು ಹಿಡಿಯುತ್ತದೆ. ‘ಅಂಗಡಿಗೆ ಹೋಗಿ ಬರುತ್ತೇನೆ, ನೀನು ಬಾಳೆಹಣ್ಣು ತಿಂದು ಮುಗಿಸುವಷ್ಟರಲ್ಲಿ ಬರುತ್ತೇನೆ’ ಎಂದು ಹೇಳಿ ಹೋಗಿ, ಹೇಳಿದಂತೆಯೇ ಬನ್ನಿ. ಕ್ರಮೇಣ ಅರ್ಧ ಗಂಟೆ, ಒಂದು ಗಂಟೆ ಅಜ್ಜಿಯೊಂದಿಗೆ ಬಿಡಿ.

ಪ್ರಶ್ನೆ: ಮೊಮ್ಮಗಳು ಮೊಬೈಲ್ ತೋರಿಸದಿದ್ದರೆ ಬಾಯಿ ತೆರೆಯುವುದಿಲ್ಲ. ಮುಂದಿನ ವರ್ಷ ಶಾಲೆಗೆ ಹೋಗುವವಳು. ಏನು ಮಾಡಲಿ?
– ಅಜ್ಜಿ, ವಿಜಯನಗರ, ಬೆಂಗಳೂರು

ಉತ್ತರ: ತರಗತಿಯಲ್ಲಿ ಮೊಬೈಲ್ ಇರುವುದಿಲ್ಲ, ತುತ್ತು ಕೊಡುವವರೂ ಇರುವುದಿಲ್ಲವಾದ್ದರಿಂದ ಇದನ್ನು ಈಗಲೇ ಬಿಡಿಸಬೇಕಮ್ಮ. ಮೂರು ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ಪರದೆಯ ಮುಂದೆ ಕೂರಬಾರದು, ಹಗಲಿನ ನಿದ್ದೆಯೂ ಸೇರಿ 10ರಿಂದ 13 ಗಂಟೆ ಮಲಗಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಮೊದಲು ರಾತ್ರಿಯ ಊಟವೊಂದಕ್ಕೆ ಮಾತ್ರ ಮೊಬೈಲ್ ನಿಲ್ಲಿಸಿ. ಎಲ್ಲರ ಜೊತೆ ಕೂರಿಸಿ, ಸಣ್ಣ ತಟ್ಟೆಯಲ್ಲಿ ಎರಡೇ ತುತ್ತಿನಷ್ಟು ಮೊಸರನ್ನ ಹಾಕಿ, ಚೆಲ್ಲಿದರೂ ಸರಿ, ಅವಳ ಕೈಯಿಂದಲೇ ತಿನ್ನಲು ಬಿಡಿ. ಎರಡು ಮೂರು ದಿನ ಹಟ ಮಾಡಿ ಸ್ವಲ್ಪ ಕಡಿಮೆ ತಿಂದಳೆಂದು ಮನಸ್ಸು ಕರಗಿ ಫೋನ್ ಕೈಗೆ ಕೊಡಬೇಡಿ. ಮನೆಯ ಉಳಿದವರೂ ಆ ಹೊತ್ತಿನಲ್ಲಿ ತಮ್ಮ ಫೋನನ್ನು ಬೇರೆ ಕೋಣೆಯಲ್ಲಿಟ್ಟು ಬರಲಿ.