ಮೀನಿನ ಸಾರಿನ ಊರಿಗೆ ಬರುವವರಿಗೆ

ನಮಸ್ಕಾರ. ಏಪ್ರಿಲ್‌ನಲ್ಲಿ ಟೋಕಿಯೊದಲ್ಲಿ ಕೆಲಸಕ್ಕೆ ಸೇರುವುದಾಗಿ, ಹೆಂಡತಿ ಮತ್ತು ಆರು ವರ್ಷದ ಮಗಳೂ ಜೊತೆಗೆ ಬರುವುದಾಗಿ ಬರೆದಿದ್ದೀರಿ. ಮನೆಯಲ್ಲಿ ಮೊಟ್ಟೆಯನ್ನೂ ಮುಟ್ಟದವರು ಅಲ್ಲಿ ಹೊಟ್ಟೆಗೇನು ಮಾಡುವುದು, ತಿಳಿಯದೆ ಏನಾದರೂ ತಪ್ಪು ನಡೆದರೆ ಜನ ಏನಂದುಕೊಂಡಾರು ಎಂದು ಕೇಳಿದ್ದೀರಿ. ಎರಡಕ್ಕೂ ನನ್ನ ಉತ್ತರ ಒಂದೇ. ಈ ದೇಶದಲ್ಲಿ ಮುಂಚಿತವಾಗಿ ಹೇಳಿದ ಮಾತು ನಡೆಯುತ್ತದೆ, ಆ ಗಳಿಗೆಯಲ್ಲಿ ಹೇಳಿದ್ದು ನಡೆಯುವುದಿಲ್ಲ.

ಊಟದಲ್ಲಿ ನೀವು ಹೆದರಬೇಕಾದದ್ದು ಕಣ್ಣಿಗೆ ಕಾಣುವ ಮೀನಿಗಲ್ಲ, ಕಾಣದ ಮೀನಿಗೆ. ದಾಶಿ ಎಂಬ ತಿಳಿಸಾರಿಲ್ಲದೆ ಇಲ್ಲಿನ ಅಡುಗೆ ಮುಂದೆ ಸಾಗುವುದೇ ಇಲ್ಲ. ಕೊಂಬು ಎಂಬ ಕಡಲಪಾಚಿಯನ್ನು ನೀರಿನಲ್ಲಿ ನೆನೆಸಿ ಕಾಯಿಸುತ್ತಾರೆ. ಟ್ಯೂನಾ ಜಾತಿಯ ಕತ್ಸುವೊ ಮೀನನ್ನು ಬೇಯಿಸಿ, ಹೊಗೆಯಲ್ಲಿ ಒಣಗಿಸಿ, ತೆಳ್ಳಗೆ ಹೆರೆದ ಚಕ್ಕೆಗಳನ್ನು ಅದಕ್ಕೆ ಹಾಕಿ ಸೋಸುತ್ತಾರೆ. ಹುದುಗಿಸಿದ ಸೋಯಾ ಮುದ್ದೆಯ ಮಿಸೊ ಸೂಪು, ಉದೊನ್ ಎಂಬ ಗೋಧಿ ನೂಡಲ್ಸ್, ಸೊಬಾ ಎಂಬ ಬಕ್‌ವೀಟ್ ನೂಡಲ್ಸನ್ನು ಅದ್ದಿ ತಿನ್ನುವ ರಸ, ಬೇಯಿಸಿದ ಸಿಹಿಗುಂಬಳ, ಕೊನೆಗೆ ಪಾಲಕ್ ಸೊಪ್ಪಿನಲ್ಲೂ ಅದು ಇರುತ್ತದೆ. ಬೇಸಿಗೆಯಲ್ಲಿ ತಣ್ಣನೆಯ ತೋಫು ತರಿಸಿದಿರಿ ಎನ್ನಿ. ಬಿಳಿಯ ತುಂಡು, ಮೇಲೆ ತುರಿದ ಶುಂಠಿ, ಹೆಚ್ಚಿದ ಈರುಳ್ಳಿ ಸೊಪ್ಪು, ಅದರ ಮೇಲೆ ಫ್ಯಾನಿನ ಗಾಳಿಗೆ ಅಲುಗುತ್ತಿರುವ ಕಂದು ಚೂರುಗಳು. ಆ ಚೂರುಗಳೇ ಮೀನು. ಬಡಿಸುವವನನ್ನು ಕೇಳಿದರೆ ಮಾಂಸವಿಲ್ಲ ಎನ್ನುತ್ತಾನೆ. ಸುಳ್ಳಲ್ಲ, ಅವನ ಲೆಕ್ಕದಲ್ಲಿ ಮಾಂಸವೆಂದರೆ ದನ, ಹಂದಿ, ಕೋಳಿ.

ಹಾಗಾಗಿ ವಿಮಾನ ಹತ್ತುವ ಮೊದಲೇ ಗಂಡ ಹೆಂಡತಿ ಕುಳಿತು, ಗೆರೆ ಎಲ್ಲಿ ಎಳೆಯುವುದೆಂದು ತೀರ್ಮಾನಿಸಿಕೊಳ್ಳಿ. ಕಾಣುವ ಮೀನು, ಮಾಂಸ ಮಾತ್ರ ಬೇಡವೋ, ದಾಶಿಯೂ ಬೇಡವೋ? ದಾಶಿ ನಡೆಯುತ್ತದೆ ಎಂದಾದರೆ ಹೊರಗಿನ ಊಟ ಅಷ್ಟೇನೂ ಕಷ್ಟವಲ್ಲ. ಅದೂ ಬೇಡವೆಂದಾದರೆ ಬಹುಪಾಲು ಮನೆಯ ಅಡುಗೆಯೇ ಗತಿ, ಅದರಲ್ಲಿ ನಾಚಿಕೆಪಡುವಂಥದ್ದೂ ಏನಿಲ್ಲ. ಹೋಟೆಲಿನ ಮೇಜಿನ ಮುಂದೆ ಕುಳಿತು ಚೌಕಾಸಿಗೆ ಇಳಿಯುವುದು ಮಾತ್ರ ಬೇಡ. ಸಾರು ಆಗಲೇ ಕುದಿದಿರುತ್ತದೆ. ಅಡುಗೆಯವನು ಅದನ್ನು ಬದಲಿಸಲಾರ, ಆಗುವುದಿಲ್ಲವೆಂದು ನೇರವಾಗಿ ಹೇಳಲೂ ಆರ. ತಲೆ ವಾಲಿಸಿ ಹಲ್ಲಿನ ಸಂದಿಯಿಂದ ಉಸಿರು ಎಳೆದುಕೊಳ್ಳುತ್ತಾನೆ. ಅಲ್ಲಿಗೆ ಮಾತು ಮುಗಿಯಿತೆಂದು ತಿಳಿಯಿರಿ. ಅದೇ ಹೋಟೆಲಿಗೆ ಕೆಲವು ದಿನ ಮೊದಲು ಜಪಾನಿ ಸಹೋದ್ಯೋಗಿಯಿಂದ ಫೋನ್ ಮಾಡಿಸಿ ನೋಡಿ. ಕೊಂಬು ಮತ್ತು ಒಣ ಶಿಟಾಕೆ ಅಣಬೆಯಿಂದಲೇ ಬೇರೆ ದಾಶಿ ಇಳಿಸಿ ಅಡುಗೆ ಮಾಡಿಕೊಡುವವರು ಸಿಗುತ್ತಾರೆ.

ಬೌದ್ಧ ಮಠಗಳ ಶೋಜಿನ್ ಅಡುಗೆಯಂತೂ ನಮಗೆಂದೇ ಮಾಡಿದಂತಿದೆ. ಮೀನು, ಮಾಂಸ ಹಾಗಿರಲಿ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. 9ನೇ ಶತಮಾನದಲ್ಲಿ ಕೂಕಾಯಿ ಎಂಬ ಸನ್ಯಾಸಿ ನೆಲೆ ಮಾಡಿಕೊಂಡ, ಒಸಾಕಾದ ದಕ್ಷಿಣಕ್ಕಿರುವ ಕೋಯಾಸಾನ್ ಬೆಟ್ಟದಲ್ಲಿ ಇಂದಿಗೂ ಸುಮಾರು 50 ಮಠಗಳು ಯಾತ್ರಿಕರಿಗೆ ತಂಗಲು ಕೋಣೆ ಕೊಟ್ಟು ಈ ಊಟ ಬಡಿಸುತ್ತವೆ. ಎಳ್ಳಿನ ತೋಫು, ಹಿಮಕ್ಕೆ ಒಡ್ಡಿ ಒಣಗಿಸಿದ ತೋಫು ಎರಡೂ ಅಲ್ಲಿ ಚೆನ್ನಾಗಿರುತ್ತವೆ. ಊರಿನಿಂದ ಅಪ್ಪ ಅಮ್ಮ ಬಂದಾಗ ಟೋಕಿಯೊ ಟವರ್‌ಗಿಂತ ಮೊದಲು ಅಲ್ಲಿಗೆ ಕರೆದೊಯ್ಯಿರಿ. ಇಂಡಿಯನ್ ರೆಸ್ಟೋರೆಂಟ್ ಎಂಬ ಫಲಕ ಇಲ್ಲಿ ಹೆಜ್ಜೆಗೊಂದು ಕಾಣುತ್ತದೆ. ನಡೆಸುವವರಲ್ಲಿ ಅನೇಕರು ನೇಪಾಳದವರು, ಬರುವುದು ತಟ್ಟೆ ಮೀರಿದ ಸಿಹಿ ನಾನ್. ಹಸಿವಿಗೆ ಆದೀತು, ಆಸೆಗೆ ಆಗದು.

ದಾರಿಯಲ್ಲಿ ಹಸಿದರೆ ದಿನವಿಡೀ ತೆರೆದಿರುವ ಸಣ್ಣ ಅಂಗಡಿಗಳಲ್ಲಿ ಒನಿಗಿರಿ ಎಂಬ ಅನ್ನದ ಮುದ್ದೆ ಸಿಗುತ್ತದೆ. ಹೊದಿಕೆಯ ಮೇಲೆ 1, 2, 3 ಎಂದು ಅಚ್ಚಾಗಿರುತ್ತದೆ. ಆ ಕ್ರಮದಲ್ಲಿ ಎಳೆದರೆ ಪಾಚಿಯ ಹಾಳೆ ಗರಿಗರಿಯಾಗಿಯೇ ಅನ್ನಕ್ಕೆ ಸುತ್ತಿಕೊಳ್ಳುತ್ತದೆ. ಉಪ್ಪಿನಲ್ಲಿ ಹಾಕಿದ ಉಮೆ ಎಂಬ ಹುಳಿ ಕಾಯಿಯದು ನಿಮ್ಮ ನಾಲಿಗೆಗೆ ಹಿಡಿಸುತ್ತದೆ. ಆದರೆ ಅಲರ್ಜಿಯ ಪಟ್ಟಿಯನ್ನು ನೋಡಿ ಸಮಾಧಾನಪಡಬೇಡಿ. ಮೊಟ್ಟೆ, ಹಾಲು, ಗೋಧಿ, ಸಿಗಡಿ, ಏಡಿ ಮುಂತಾದವನ್ನು ತೋರಿಸುವುದು ಕಡ್ಡಾಯ, ಕತ್ಸುವೊ ಆ ಸಾಲಿನಲ್ಲಿಲ್ಲ. ಪೂರ್ತಿ ಸಾಮಗ್ರಿಯ ಸಾಲನ್ನೇ ಮೊಬೈಲಿನ ಅನುವಾದಕ್ಕೆ ಹಿಡಿಯಿರಿ, ಉಮೆಯಲ್ಲೂ ಒಮ್ಮೊಮ್ಮೆ ಮೀನಿನ ಸತ್ವ ಇರುತ್ತದೆ.

ಮನೆಯ ಅಡುಗೆಗೆ ಚಿಂತೆ ಬೇಡ. ಟೋಕಿಯೊದ ನಿಶಿಕಸಾಯ್ ಬಡಾವಣೆಯ ಸುತ್ತಮುತ್ತ ನಮ್ಮ ದೇಶದ ಇಂಜಿನಿಯರುಗಳು 2000ರ ಆಸುಪಾಸಿನಿಂದಲೂ ನೆಲೆಸಿದ್ದಾರೆ, ತೊಗರಿಬೇಳೆ, ಇಂಗು ಎಲ್ಲವೂ ಸಿಗುತ್ತವೆ. ಹಸಿ ಕರಿಬೇವನ್ನು ಸೂಟ್‌ಕೇಸಿನಲ್ಲಿ ತುಂಬಿಕೊಂಡು ಬರಬೇಡಿ. ಹಸಿ ಸೊಪ್ಪು, ಹಣ್ಣು ಮಾತ್ರವಲ್ಲ, ಅಕ್ಕಿ ಬೇಳೆಗೂ ಸಸ್ಯ ತಪಾಸಣೆಯ ಪ್ರಮಾಣಪತ್ರ ಕೇಳುತ್ತಾರೆ. ಹುರಿದು ಪುಡಿ ಮಾಡಿದ ಸಾರಿನ ಪುಡಿಗೆ ಆ ತಕರಾರಿಲ್ಲ. ಇಲ್ಲಿನ ಅಂಟು ಅಕ್ಕಿಯನ್ನು ಚಿತ್ರಾನ್ನಕ್ಕೆ ಬಳಸಿ ಬೈದುಕೊಳ್ಳಬೇಡಿ, ಮೊಸರನ್ನಕ್ಕೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ರಾಗಿಯ ನೆನಪಾದರೆ ಸೊಬಾ ಹಿಟ್ಟು ತನ್ನಿ. ಬಿಸಿನೀರಿಗೆ ಹಾಕಿ ಬಿಡದೆ ತಿರುವಿದರೆ ಸೊಬಾಗಾಕಿ ಎಂಬ ಬೂದುಬಣ್ಣದ ಉಂಡೆಯಾಗುತ್ತದೆ, ನಮ್ಮ ಮುದ್ದೆಯ ಸ್ವಂತ ತಮ್ಮ. ಅವರು ಅದಕ್ಕೆ ದಾಶಿಯ ರಸ ಹಾಕಿಕೊಳ್ಳುತ್ತಾರೆ, ನಾನು ಬಸ್ಸಾರು ಹಾಕಿಕೊಳ್ಳುತ್ತೇನೆ.

ಮಗಳ ವಿಷಯ. ಸರ್ಕಾರಿ ಶಾಲೆಯಲ್ಲಿ ಮಧ್ಯಾಹ್ನದ ಊಟ ಎಲ್ಲರಿಗೂ ಒಂದೇ, ಬಿಳಿ ಟೋಪಿ ಹಾಕಿಕೊಂಡು ಮಕ್ಕಳೇ ಬಡಿಸುತ್ತಾರೆ. ಸೇರಿಸುವಾಗಲೇ ಶಾಲೆಯೊಂದಿಗೆ ಕುಳಿತು ಮಾತಾಡಿ. ತಿಂಗಳ ಊಟದ ಪಟ್ಟಿ ಮೊದಲೇ ಮನೆಗೆ ಬರುತ್ತದೆ. ಮನೆಯ ಡಬ್ಬಿಗೆ ಒಪ್ಪುವ ಶಾಲೆಗಳಿವೆ, ಆದರೆ ಅದನ್ನು ಮೊದಲ ದಿನ ಡಬ್ಬಿಯ ಸಮೇತ ಹೋಗಿ ಕೇಳುವುದಲ್ಲ.

ರೀತಿ ರಿವಾಜಿನ ಭಯ ಬಿಡಿ, ಇಲ್ಲಿ ಮುಖಕ್ಕೆ ಹೇಳುವವರು ಕಡಿಮೆ. ಚಾಪ್‌ಸ್ಟಿಕ್ ವಿಷಯದಲ್ಲಿ ಎರಡು ನೆನಪಿಡಿ: ಅನ್ನದಲ್ಲಿ ನೆಟ್ಟಗೆ ಚುಚ್ಚಿ ನಿಲ್ಲಿಸಬಾರದು, ಕಡ್ಡಿಯಿಂದ ಕಡ್ಡಿಗೆ ತಿನಿಸು ದಾಟಿಸಬಾರದು. ಒಂದು ಸತ್ತವರಿಗೆ ಇಡುವ ಅನ್ನ, ಇನ್ನೊಂದು ಚಿತೆಯ ಮೂಳೆ ಆಯುವ ಕ್ರಮ. ಮಿಕ್ಕದ್ದು ನೋಡಿ ಕಲಿಯುವಂಥದ್ದು. ಕಸದಲ್ಲಿ ಮಾತ್ರ ರಿಯಾಯಿತಿ ಇಲ್ಲ. ಸುಡುವ ಕಸಕ್ಕೊಂದು ದಿನ, ಬಾಟಲಿಗೊಂದು ದಿನ. ಬಾಟಲಿಯ ಮುಚ್ಚಳ ಬೇರೆ, ಸುತ್ತಿನ ಕಾಗದ ಬೇರೆ. ದಿನ ತಪ್ಪಿದ ಚೀಲವನ್ನು ಒಂದು ಚೀಟಿ ಅಂಟಿಸಿ ಅಲ್ಲೇ ಬಿಟ್ಟು ಹೋಗುತ್ತಾರೆ, ಬೀದಿಗೆಲ್ಲ ಕಾಣುವ ಹಾಗೆ.

ಮನೆಗೆ ಬಂದ ದಿನವೇ ಅಕ್ಕಪಕ್ಕದವರಿಗೂ ಕೆಳಗಿನ ಮನೆಯವರಿಗೂ ಒಂದೊಂದು ಟವೆಲ್ ಕೊಟ್ಟು ಪರಿಚಯ ಮಾಡಿಕೊಳ್ಳಿ, ಮಿಕ್ಸಿ ಯಾವ ಹೊತ್ತಿಗೆ ತಿರುಗುತ್ತದೆ ಎಂಬುದನ್ನೂ ನಗುತ್ತಲೇ ಹೇಳಿಬಿಡಿ. ಮನೆ ಗೊತ್ತಾದ ಕೂಡಲೇ ಗ್ಯಾಸ್ ಸಂಪರ್ಕಕ್ಕೆ ದಿನ ಗೊತ್ತು ಮಾಡಿಸಿ. ಅವರು ಬಂದಾಗ ಮನೆಯಲ್ಲಿ ಯಾರಾದರೂ ಇರಲೇಬೇಕು, ಮತ್ತು ಮಾರ್ಚ್ ಕೊನೆಯಲ್ಲಿ ಊರಿಗೆ ಊರೇ ಮನೆ ಬದಲಿಸುತ್ತಿರುತ್ತದೆ.