ಗದಗ ಕಡೆ ಮಕ್ಕಳು, ಹಿರಿಯರ ಜೊತೆ ಹಳ್ಳಿ ಸುತ್ತ ನಡೆದಾಡಲು ಎಲ್ಲಿಗೆ ಹೋಗಬಹುದು?

ಡಿಸೆಂಬರ್ ಕೊನೆಯ ರಜೆಗೆ ಬೆಂಗಳೂರಿನಿಂದ ಗದಗ ಹತ್ತಿರದ ನಿಮ್ಮ ಅತ್ತೆ ಮನೆಗೆ ಬರುತ್ತೀರಿ. ಆರು ಮತ್ತು ಹತ್ತು ವರ್ಷದ ಮಕ್ಕಳಿದ್ದಾರೆ, ಅತ್ತೆಯವರಿಗೆ ಮೊಣಕಾಲು ನೋವು. ಕಾರಲ್ಲಿ ಸುತ್ತುವುದೂ ಬೇಡ, ಟ್ರೆಕ್ಕಿಂಗೂ ಬೇಡ, ಎಲ್ಲರೂ ಸೇರಿ ನಡೆದು ನೋಡುವಂಥದ್ದು ಏನಿದೆ ಅಂತ ಕೇಳಿದ್ದೀರಿ. ನಾನು ಇದೇ ಕಡೆಯವನು. ಮನೆಯ ಮಕ್ಕಳನ್ನು ಕರೆದುಕೊಂಡು ಈ ದಾರಿಗಳಲ್ಲಿ ಓಡಾಡುತ್ತಲೇ ಇರುತ್ತೇನೆ.

ಮೊದಲಿಗೆ, ನೀವು ಬರುವ ಕಾಲ ತುಂಬಾ ಚೆನ್ನಾಗಿದೆ. ನಮ್ಮದು ಎರೆ ಮಣ್ಣಿನ ಸೀಮೆ. ಮಳೆಗಾಲದಲ್ಲಿ ಹೊಲದ ದಾರಿಗೆ ಇಳಿದರೆ ಹೆಜ್ಜೆ ಹೆಜ್ಜೆಗೂ ಚಪ್ಪಲಿಗೆ ಮಣ್ಣು ಮೆತ್ತಿ ಕಾಲು ಎತ್ತಲಾಗುವುದಿಲ್ಲ. ಏಪ್ರಿಲ್‌ನಲ್ಲಿ ಅದೇ ಮಣ್ಣು ಬಿರುಕು ಬಿಟ್ಟಿರುತ್ತದೆ, ನೆರಳೇ ಸಿಗುವುದಿಲ್ಲ. ಡಿಸೆಂಬರ್, ಜನವರಿಯಲ್ಲಿ ದಾರಿ ಒಣಗಿ ಗಟ್ಟಿಯಾಗಿರುತ್ತದೆ. ಬೆಳಗ್ಗೆ ತಂಪು ಇರುತ್ತದೆ, ಹಿಂಗಾರಿ ಬೆಳೆ ಹೊಲದ ತುಂಬ ನಿಂತಿರುತ್ತದೆ.

ಜಾಗ ಅಂದರೆ ನಾನು ಮೊದಲು ಹೇಳುವುದು ಲಕ್ಕುಂಡಿ. ಗದಗದಿಂದ ಕೊಪ್ಪಳದ ರಸ್ತೆಯಲ್ಲಿ ಹನ್ನೊಂದು ಹನ್ನೆರಡು ಕಿಲೋಮೀಟರ್. ಎಲ್ಲರೂ ಕಾರಲ್ಲಿ ಬಂದು ಒಂದೆರಡು ಗುಡಿ ನೋಡಿ ಫೋಟೋ ತೆಗೆದುಕೊಂಡು ಹೋಗಿಬಿಡುತ್ತಾರೆ. ಆದರೆ ಈ ಊರು ನಡೆದು ನೋಡಬೇಕಾದ ಊರು. ನೂರಾ ಒಂದು ಗುಡಿ, ನೂರಾ ಒಂದು ಬಾವಿ ಅಂತ ಊರವರು ಹೇಳುತ್ತಾರೆ. ಮನೆಗಳ ನಡುವೆ, ಓಣಿಯ ತಿರುವಿನಲ್ಲಿ, ದನ ಕಟ್ಟಿದ ಜಾಗದ ಪಕ್ಕದಲ್ಲಿ ಹಳೇ ಗುಡಿ ಎದುರಾಗುತ್ತದೆ.

ಕಾಶಿ ವಿಶ್ವೇಶ್ವರ ಗುಡಿಯಿಂದ ಶುರು ಮಾಡಿ. ಅಲ್ಲಿ ಶಿವನ ಗುಡಿಗೆ ಎದುರಾಗಿ ಸೂರ್ಯನ ಸಣ್ಣ ಗುಡಿ ಇದೆ. ಬಾಗಿಲ ಚೌಕಟ್ಟಿನ ಕೆತ್ತನೆ ಎಷ್ಟು ಸಣ್ಣದಾಗಿದೆ ಅಂದರೆ ಮಕ್ಕಳು ಮುಖ ಹತ್ತಿರ ತಂದು ನೋಡುತ್ತಾರೆ. ಬಳಪದ ಕಲ್ಲು ಮೆದು, ಅದಕ್ಕೇ ಅಷ್ಟು ನಾಜೂಕು ಕೆಲಸ ಸಾಧ್ಯವಾಯಿತು ಅಂತ ಅವರಿಗೆ ಹೇಳಿ. ನನ್ನೇಶ್ವರ ಗುಡಿಯೂ ಅಲ್ಲೇ ಹತ್ತಿರ. ಅಲ್ಲಿಂದ ಊರೊಳಗೆ ನಡೆದು ಬ್ರಹ್ಮ ಜಿನಾಲಯಕ್ಕೆ ಹೋಗಿ. ದಾನಚಿಂತಾಮಣಿ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬಸದಿ ಅದು. ಓಲೆಗರಿಯ ಗ್ರಂಥಕ್ಕೆ ಸಾವಿರ ಪ್ರತಿ ಬರೆಸಿ ಹಂಚಿದ ಹೆಣ್ಣುಮಗಳು ಅವಳು. ಹತ್ತು ವರ್ಷದ ಮಗುವಿಗೆ ಈ ಮಾತು ಹೇಳಿ ನೋಡಿ, ಕೈಯಲ್ಲೇ ಬರೆದರಾ ಅಂತ ಖಂಡಿತ ಕೇಳುತ್ತದೆ. ಒಳಗೆ ನಾಲ್ಕು ಮುಖದ ಬ್ರಹ್ಮನ ಮೂರ್ತಿ ಇದೆ.

ಕೊನೆಗೆ ಮಾಣಿಕೇಶ್ವರ ಗುಡಿ, ಅದರ ಎದುರಿಗೆ ಮುಸುಕಿನ ಬಾವಿ. ಗೋಡೆಯಲ್ಲಿ ಪುಟ್ಟ ಪುಟ್ಟ ಗುಡಿಯ ಹಾಗೆ ಗೂಡು ಮಾಡಿದ ಮೆಟ್ಟಿಲು ಬಾವಿ. ನನಗೆ ಇಡೀ ಲಕ್ಕುಂಡಿಯಲ್ಲಿ ಇದೇ ಜಾಸ್ತಿ ಇಷ್ಟ. ಮೆಟ್ಟಿಲು ಕಡಿದಾಗಿವೆ. ಅತ್ತೆಯವರು ಮೇಲೆ ಗುಡಿಯ ನೆರಳಲ್ಲೇ ಕೂರಲಿ, ಚಿಕ್ಕ ಮಗುವಿನ ಕೈ ಮಾತ್ರ ಬಿಡಬೇಡಿ. ಗುಡಿಯಿಂದ ಗುಡಿಗೆ ದೂರ ಕಡಿಮೆ, ಕೂತೇಳಲು ಕಟ್ಟೆಗಳಿವೆ. ಮೊಣಕಾಲು ನೋವಿದ್ದವರಿಗೆ ಇದಕ್ಕಿಂತ ಒಳ್ಳೆ ದಾರಿ ನಾನು ಕಂಡಿಲ್ಲ.

ಇನ್ನು ಹೊಲದ ದಾರಿ. ಇದಕ್ಕೆ ಯಾವ ಪ್ರಸಿದ್ಧ ಊರೂ ಬೇಡ, ನಿಮ್ಮ ಅತ್ತೆಯ ಊರಿನ ಅಗಸಿ, ಅಂದರೆ ಊರಬಾಗಿಲು, ದಾಟಿದರೆ ಸಾಕು. ಬೆಳಗ್ಗೆ ಏಳಕ್ಕೆ ಹೊರಟು ಹತ್ತರೊಳಗೆ ಮನೆ ಸೇರುವ ಹಾಗೆ ಚಕ್ಕಡಿ (ಎತ್ತಿನ ಗಾಡಿ) ದಾರಿ ಹಿಡಿಯಿರಿ. ಊರಿನವರು ಯಾರಾದರೂ ಜೊತೆಗಿರಲಿ. ಯಾರ ಹೊಲ, ಯಾವ ಬದುವಿನ ಮೇಲೆ ನಡೆಯಬಹುದು ಅನ್ನುವುದು ಅವರಿಗೆ ಗೊತ್ತಿರುತ್ತದೆ. ದಾರಿಯಲ್ಲಿ ಸಿಕ್ಕವರು ಯಾರ ಮನೆಯವರು, ಯಾವಾಗ ಬಂದಿರಿ ಅಂತ ವಿಚಾರಿಸದೆ ಬಿಡುವುದಿಲ್ಲ. ನಿಂತು ಮಾತಾಡಿ, ಅದಕ್ಕೂ ಟೈಮ್ ಇಟ್ಟುಕೊಳ್ಳಿ.

ಆ ಹೊತ್ತಿಗೆ ಬಿಳಿಜೋಳ ಮಕ್ಕಳ ತಲೆಗಿಂತ ಎತ್ತರ ಇರುತ್ತದೆ, ತೆನೆಯಲ್ಲಿ ಹಾಲುಗಾಳು ಕಟ್ಟುತ್ತಿರುತ್ತದೆ. ಹೊಲದ ಅಂಚಿಗೆ ಕುಸುಬೆ ಸಾಲು ಕಾಣುತ್ತದೆ. ಅದರ ಮುಳ್ಳಿಗೆ ದನ ಒಳಗೆ ನುಗ್ಗುವುದಿಲ್ಲ, ಬೇಲಿಯೂ ಆಯಿತು, ಎಣ್ಣೆಯೂ ಆಯಿತು. ಕಡಲೆ ಹೊಲದ ಹತ್ತಿರ ಮಗುವಿಗೆ ಒಂದು ಎಲೆ ನೆಕ್ಕಲು ಹೇಳಿ, ಹುಳಿ ಹುಳಿ ಇರುತ್ತದೆ. ಗಿಡದ ಮೈಮೇಲೆ ಹುಳಿ ಒಸರುತ್ತದೆ. ಹಿಂದೆ ರಾತ್ರಿ ಗಿಡದ ಮೇಲೆ ಅರಿವೆ ಹಾಸಿ, ಮುಂಜಾನೆ ಇಬ್ಬನಿಯ ಜೊತೆ ಹಿಂಡಿ ಆ ಹುಳಿ ತೆಗೆದು ಇಡುತ್ತಿದ್ದರು. ಅತ್ತೆಯವರನ್ನು ಕೇಳಿ, ಅವರಿಗೆ ನೆನಪಿರಬಹುದು. ಇದೇ ಹುಳಿಯಿಂದ ಬರಿಗಾಲಲ್ಲಿ ಕಡಲೆ ಹೊಲ ಹೊಕ್ಕರೆ ಕಾಲು ಉರಿಯುತ್ತದೆ. ಅದಕ್ಕೆ ಮಕ್ಕಳಿಗೆ ಉದ್ದ ಪ್ಯಾಂಟು, ಜಾಲಿ ಮುಳ್ಳು ನಾಟದಂಥ ದಪ್ಪ ತಳದ ಬೂಟು ಹಾಕಿಸಿ.

ಹೊಲದವರು ಕರೆದರೆ ಸುಲಗಾಯಿ, ಅಂದರೆ ಕಡಲೆ ಗಿಡದ ಹಸಿ ಕಾಯಿ, ತಿನ್ನಿ. ಅದೃಷ್ಟವಿದ್ದರೆ ಸೀತನಿಯೂ ಸಿಗುತ್ತದೆ: ಎಳೆ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು, ಬಿಸಿಯಾಗಿರುವಾಗಲೇ ಕಾಳು ಉದುರಿಸಿ ಕೊಡುತ್ತಾರೆ. ಆದರೆ ಕೇಳದೆ ಒಂದು ತೆನೆಯನ್ನೂ ಮುರಿಯಬೇಡಿ. ರಜೆಯಲ್ಲಿ ಎಳ್ಳಮಾವಾಸ್ಯೆ ಬಂದರಂತೂ ಬಿಡಲೇಬೇಡಿ. ಮನೆಯವರೆಲ್ಲ ಸಜ್ಜಿ ರೊಟ್ಟಿ, ಪುಂಡಿ ಪಲ್ಯ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಪೂಜೆ ಮಾಡಿ, ಬೆಳೆಯ ನಡುವೆ ಚರಗ ಚೆಲ್ಲುತ್ತಾರೆ, ಅಂದರೆ ಭೂಮಿತಾಯಿಗೆ ಅಂತ ಅಡುಗೆಯನ್ನು ಹೊಲದಲ್ಲಿ ಎರಚುತ್ತಾರೆ. ಊಟ ಬನ್ನಿ ಗಿಡದ ಕೆಳಗೆ. ಅತ್ತೆಯವರು ಟ್ರ್ಯಾಕ್ಟರಲ್ಲೋ ಚಕ್ಕಡಿಯಲ್ಲೋ ಬರಲಿ, ನೀವು ಮಕ್ಕಳ ಜೊತೆ ಹಿಂದೆ ನಡೆದು ಬನ್ನಿ.

ಒಂದು ವಿಷಯದಲ್ಲಿ ಮಾತ್ರ ನಾನು ತುಂಬಾ ಕಟ್ಟುನಿಟ್ಟು. ಈಗ ಬಹಳ ಹೊಲಗಳಲ್ಲಿ ಕೃಷಿ ಹೊಂಡಗಳಿವೆ. ಕೆಲವಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿರುತ್ತಾರೆ. ನೋಡಲು ಸ್ವಿಮ್ಮಿಂಗ್ ಪೂಲ್ ಥರ ಕಾಣುತ್ತದೆ, ಆದರೆ ಜಾರಿದರೆ ದೊಡ್ಡವರಿಗೂ ಹತ್ತಿ ಬರಲು ಹಿಡಿತ ಸಿಗುವುದಿಲ್ಲ. ಕಟ್ಟೆ ಇಲ್ಲದ ಹಳೇ ಬಾವಿಗಳೂ ಇವೆ. ಮಕ್ಕಳನ್ನು ಮುಂದೆ ಓಡಲು ಬಿಡಬೇಡಿ. ಕುರಿ ಹಿಂಡು ಎದುರಾದರೆ ದೂರದಲ್ಲೇ ನಿಲ್ಲಿ, ಕುರಿಗಾರರೇ ನಾಯಿಯನ್ನು ಕರೆದುಕೊಳ್ಳುತ್ತಾರೆ. ಎಲ್ಲಾದರೂ ಔಷಧಿ ಹೊಡೆಯುತ್ತಿದ್ದರೆ ದಾರಿ ಬದಲಿಸಿ. ತಂತಿ ಬೇಲಿ ಮುಟ್ಟಬೇಡಿ, ಕರೆಂಟ್ ಬಿಟ್ಟಿರಬಹುದು.

ಒಂದು ದಿನ ಮಾಗಡಿ ಕೆರೆಗೆ ಇಡಿ. ಶಿರಹಟ್ಟಿ ತಾಲೂಕು, ಗದಗದಿಂದ ಸುಮಾರು 26 ಕಿಲೋಮೀಟರ್. ಚಳಿಗಾಲದಲ್ಲಿ ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಪಟ್ಟೆ ತಲೆ ಹೆಬ್ಬಾತುಗಳು ಇಲ್ಲಿಗೆ ಬರುತ್ತವೆ. ತಲೆಯ ಹಿಂದೆ ಎರಡು ಕಪ್ಪು ಪಟ್ಟೆ, ಮಕ್ಕಳೂ ಗುರುತಿಸಬಹುದು. ಸುತ್ತಲಿನ ಹೊಲಗಳಲ್ಲಿ ಮೇಯ್ದು ಬಂದು ಹಗಲು ಕೆರೆಯಲ್ಲಿ ತಂಗುತ್ತವೆ. 2024ರಲ್ಲಿ ಈ ಕೆರೆ, ಜಗತ್ತಿನ ಮಹತ್ವದ ಕೆರೆ-ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಬೈನಾಕ್ಯುಲರ್ ಇದ್ದರೆ ತನ್ನಿ. ಕೂಗಾಡದೆ, ನೀರಿನ ಹತ್ತಿರ ಇಳಿಯದೆ ನಿಧಾನ ನಡೆದರೆ ಸಾಕು.

ಕಪ್ಪತಗುಡ್ಡಕ್ಕೆ ಹೋಗಿ ಅಂತ ಬಹಳ ಜನ ಹೇಳುತ್ತಾರೆ. ನನಗೂ ಆ ಗುಡ್ಡದ ಮೇಲೆ ಪ್ರೀತಿ ಇದೆ. ಆದರೆ ಅದು 2019ರಿಂದ ವನ್ಯಜೀವಿಧಾಮ, ಏರು ದಾರಿ, ಚಿರತೆ ತೋಳ ಇರುವ ಕಾಡು. ಸುಮ್ನೆ ಕುಟುಂಬ ಕಟ್ಟಿಕೊಂಡು ಒಳಗೆ ಅಲೆಯುವ ಜಾಗ ಅಲ್ಲ. ಮಕ್ಕಳು ದೊಡ್ಡವರಾದ ಮೇಲೆ ನೋಡಿ. ಹಾವೇರಿ ಕಡೆ ಹೋಗುವುದಿದ್ದರೆ ತುಂಗಭದ್ರೆಯ ದಂಡೆಯ ಚೌಡದಾನಪುರ ಚೆನ್ನಾಗಿದೆ. ಮುಕ್ತೇಶ್ವರ ಗುಡಿ ನೋಡಿ ಹೊಳೆ ಪಕ್ಕ ಸ್ವಲ್ಪ ನಡೆಯಬಹುದು.

ಲಕ್ಕುಂಡಿಗೆ ಕಾರೇ ಬೇಕಿಲ್ಲ. ಗದಗದಿಂದ ಕೊಪ್ಪಳದ ಕಡೆ ಹೋಗುವ ಆರ್ಡಿನರಿ ಬಸ್ಸು ಹತ್ತಿ ಊರ ಕ್ರಾಸಿನಲ್ಲಿ ಇಳಿಯಿರಿ. ಹೈವೇ ದಾಟುವಾಗ ಹುಷಾರು. ಕುಡಿಯುವ ನೀರು ಮನೆಯಿಂದಲೇ ಒಯ್ಯಿರಿ. ವಾಪಸ್ ಬರುವಾಗ ಗದಗದಲ್ಲಿ ಗಿರ್ಮಿಟ್ಟು, ಮಿರ್ಚಿ ತಿನ್ನಿ. ಮಕ್ಕಳಿಗೆ ಮಿರ್ಚಿಯ ಮೆಣಸಿನಕಾಯಿ ತೆಗೆದು ಕೊಡಿ.