ಗಂಡಸರಿಗೂ ಬರುತ್ತೆ, ಅಪರೂಪ ಅಷ್ಟೆ
ನಮಸ್ಕಾರ. ತಮ್ಮನಿಗೆ 46 ವರ್ಷ, ಮೇದೋಜೀರಕ ಗ್ರಂಥಿಯ ಬಾಲದಲ್ಲಿ ಗಡ್ಡೆ, ಸಿಟಿ ವರದಿಯಲ್ಲಿ ‘ಎಸ್‌ಪಿಎನ್ ಇರಬಹುದು’ (ಸಾಲಿಡ್ ಸೂಡೋಪ್ಯಾಪಿಲರಿ ನಿಯೋಪ್ಲಾಸಂ, ಈ ಗ್ರಂಥಿಯ ಒಂದು ಅಪರೂಪದ ಗಡ್ಡೆ) ಅಂತಿದೆ, ಅದು ಹುಡುಗಿಯರಿಗೆ ಬರೋದಲ್ವಾ, ವರದಿ ಅದಲುಬದಲಾಯ್ತಾ ಅಂತ ಕೇಳಿದ್ದೀರಿ. ಹಾಗೇನೂ ಆಗಿರಬೇಕಿಲ್ಲ. ಹತ್ತರಲ್ಲಿ ಎಂಟೊಂಬತ್ತು ಜನ ಹೆಂಗಸರೇ, ಹೆಚ್ಚಿನವರು 20–40ರ ಆಸುಪಾಸಿನವರು, ನಿಜ. ಉಳಿದವರೂ ಇದ್ದಾರಲ್ಲ!

ಆದರೆ ಸ್ಕ್ಯಾನ್ ಒಂದನ್ನೇ ನಂಬಿ ಕೂರಬೇಡಿ. ನ್ಯೂರೋಎಂಡೋಕ್ರೈನ್ ಗಡ್ಡೆಯೂ (ಹಾರ್ಮೋನ್ ತಯಾರಿಸುವ ಥರದ ಜೀವಕೋಶಗಳ ಗಡ್ಡೆ) ಹೀಗೇ ಕಾಣಬಹುದು, ಮೈಕ್ರೋಸ್ಕೋಪ್‌ನಲ್ಲೂ ಎರಡೂ ಅಕ್ಕತಂಗಿಯರ ಥರ ಇರುತ್ತವೆ. ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ (ಬಾಯಿಂದ ಒಳಗಿಳಿಸುವ ನಳಿಕೆಯ ಸ್ಕ್ಯಾನ್) ಮೂಲಕ ಸೂಜಿಯಲ್ಲಿ ತೆಗೆದ ಚೂರಿಗೆ ಬೀಟಾ-ಕೆಟೆನಿನ್ ಅನ್ನೋ ಪ್ರೋಟೀನ್ ಎಲ್ಲಿದೆ ಅಂತ ಬಣ್ಣ ಹಾಕಿ ನೋಡುವ ಪರೀಕ್ಷೆ ಆಗಿದೆಯಾ ಕೇಳಿ. ಮಾಮೂಲಿ ಜೀವಕೋಶದಲ್ಲಿ ಅದರ ಕಂದು ಬಣ್ಣ ಅಂಚಿಗೆ ಗೆರೆ ಎಳೆದ ಹಾಗಿರುತ್ತೆ. ಎಸ್‌ಪಿಎನ್‌ನಲ್ಲಿ ನ್ಯೂಕ್ಲಿಯಸ್ ಒಳಗೇ ತುಂಬಿಕೊಂಡಿರುತ್ತೆ. ಸಿನಾಪ್ಟೋಫೈಸಿನ್ (ಹೀಗೇ ಬಣ್ಣ ಹಾಕಿ ನೋಡುವ ಇನ್ನೊಂದು ಪ್ರೋಟೀನ್) ಪಾಸಿಟಿವ್ ಬಂತು ಅಂತ ನ್ಯೂರೋಎಂಡೋಕ್ರೈನ್ ಅಂದುಬಿಡೋದು ತಪ್ಪು, ಅದು ಎರಡರಲ್ಲೂ ಬರಬಹುದು. ಕ್ರೋಮೋಗ್ರಾನಿನ್ ಅನ್ನೋ ಮತ್ತೊಂದು ಪ್ರೋಟೀನ್ ಸಾಮಾನ್ಯವಾಗಿ ಎಸ್‌ಪಿಎನ್‌ನಲ್ಲಿ ಬರಲ್ಲ.

ಸಿಎ 19-9 (ರಕ್ತದಲ್ಲಿ ನೋಡುವ ಕ್ಯಾನ್ಸರ್ ಸೂಚಕ) ನಾರ್ಮಲ್ ಅಂದಿರಲ್ಲ, ಎರಡರಲ್ಲೂ ಸಾಮಾನ್ಯವಾಗಿ ಹಾಗೇ ಇರುತ್ತೆ, ಅದರಿಂದ ತೀರ್ಮಾನ ಆಗಲ್ಲ. ಎಸ್‌ಪಿಎನ್ ಅಂತಲೇ ಖಚಿತವಾದರೆ ಆಪರೇಷನ್‌ನಲ್ಲಿ ಪೂರ್ತಿ ತೆಗೆದವರಲ್ಲಿ ಹೆಚ್ಚಿನವರು ಚೆನ್ನಾಗೇ ಇರ್ತಾರೆ. ಅನುಮಾನ ಉಳಿದರೆ ಸ್ಲೈಡ್, ಬ್ಲಾಕ್ (ಚೂರನ್ನು ಮೇಣದಲ್ಲಿ ಕೂರಿಸಿಟ್ಟ ತುಂಡು) ಎರಡನ್ನೂ ಕೇಳಿ ಇಸ್ಕೊಂಡು, ಈ ಗ್ರಂಥಿಯ ಕೇಸುಗಳನ್ನೇ ಹೆಚ್ಚು ನೋಡುವ ಪೆಥಾಲಜಿಸ್ಟ್‌ಗೆ ತೋರಿಸಿ.